ಹೊಲಿಗೆ ಕಾಣುವ ಕ್ಯಾಥೆಡ್ರಲ್: ಸೇಂಟ್ ಜಾನ್ ದಿ ಡಿವೈನ್‌ನಲ್ಲಿ ಮೂರು ದಿನ

ಶುಕ್ರವಾರ: ಹೊರಗಿನಿಂದ

ನ್ಯೂಯಾರ್ಕಿನ ಸಬ್‌ವೇಯಲ್ಲಿ 'ಕ್ಯಾಥೆಡ್ರಲ್ ಪಾರ್ಕ್‌ವೇ, 110ನೇ ಬೀದಿ' ಅನ್ನುವ ಹೆಸರಿನ ನಿಲ್ದಾಣ ಎರಡಿವೆ. ಸೇಂಟ್ ಜಾನ್ ದಿ ಡಿವೈನ್ ನೋಡಲು ಹೊರಟವರು ಮೊದಲು ಎಡವುವುದು ಇಲ್ಲೇ. 1ನೇ ನಂಬರಿನ ರೈಲು ಹಿಡಿದರೆ ಬ್ರಾಡ್‌ವೇ ಮೇಲೆ ಇಳಿಯುತ್ತೀರಿ. ಪೂರ್ವಕ್ಕೆ ಒಂದು ಬ್ಲಾಕ್ ನಡೆದರೆ ಆಮ್‌ಸ್ಟರ್‌ಡ್ಯಾಂ ಅವೆನ್ಯೂ, ಅಲ್ಲಿಂದ ಉತ್ತರಕ್ಕೆ ಎರಡು ಬೀದಿ, 112ರ ಎದುರಿಗೇ ಚರ್ಚಿನ ಮುಖ. ಬಿ ಅಥವಾ ಸಿ ರೈಲು ಹತ್ತಿದರೆ ನಿಲ್ದಾಣದ ಹೆಸರು ಅದೇ, ಜಾಗ ಬೇರೆ: ಗುಡ್ಡದ ಬುಡದಲ್ಲಿ, ಹಾರ್ಲೆಂ ಕಡೆ ಇಳಿದು ಮಾರ್ನಿಂಗ್‌ಸೈಡ್ ಪಾರ್ಕಿನ ಏರು ಹತ್ತಬೇಕು. 2 ಮತ್ತು 3 ಎಕ್ಸ್‌ಪ್ರೆಸ್ ಗಾಡಿಗಳು. 96ನೇ ಬೀದಿ ದಾಟಿದ ಮೇಲೆ ಬೇರೆ ದಾರಿ ಹಿಡಿಯುತ್ತವೆ. 96ರಲ್ಲೇ ಇಳಿದು ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ಬರುವ 1ನ್ನು ಹತ್ತಿಕೊಳ್ಳಿ.

ತಪ್ಪಿ ಕೆಳಗೆ ಇಳಿದರೂ ಪೂರ್ತಿ ನಷ್ಟವೇನಿಲ್ಲ. ಈ ಕಟ್ಟಡದ ಬೆನ್ನು ಕಾಣುವುದು ಅಲ್ಲಿಂದಲೇ. ಬಂಡೆಯ ಅಂಚಿನಲ್ಲಿ ಅರ್ಧವೃತ್ತವಾಗಿ ಉಬ್ಬಿ ನಿಂತ ದಪ್ಪ ಗ್ರಾನೈಟ್ ಗೋಡೆ, ಅದಕ್ಕೆ ಅಂಟಿಕೊಂಡಂತೆ ಚಿಕ್ಕ ಚಿಕ್ಕ ಚಾಪೆಲ್‌ಗಳು, ಅಂದರೆ ಕಿರು ಪ್ರಾರ್ಥನಾಲಯಗಳು. ಗುಡ್ಡ ಹತ್ತಿ ಸುತ್ತು ಹಾಕಿ ಎದುರಿಗೆ ಬಂದರೆ ಚೂಪು ಕಮಾನಿನ ಫ್ರೆಂಚ್ ಗೋಥಿಕ್ ಮುಖ. ಬೆನ್ನಿನ ಕಟ್ಟಡಕ್ಕೂ ಮುಖದ ಕಟ್ಟಡಕ್ಕೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ಒಂದರ್ಥದಲ್ಲಿ ಇಲ್ಲವೇ ಇಲ್ಲ. ಈ ಚರ್ಚನ್ನು ಒಂದೇ ಕಲಾಕೃತಿಯೆಂದು ನೋಡಲು ಹೋದವರಿಗೆ ನಿರಾಸೆಯಾಗುತ್ತದೆ. ಹೊಲಿಗೆ ಎಲ್ಲೆಲ್ಲಿ ಬಿದ್ದಿದೆ ಎಂದು ಹುಡುಕುತ್ತಾ ಹೋದವರಿಗೆ ಮೂರು ದಿನ ಸಾಲದು.

ಇದು ಎಪಿಸ್ಕೋಪಲ್ ಚರ್ಚು. ಎಪಿಸ್ಕೋಪಲ್ ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯ ಅಮೆರಿಕನ್ ಕವಲು. ಬಿಷಪ್ಪರ ಪೀಠ ಎಲ್ಲಿದೆಯೋ ಅದು ಕ್ಯಾಥೆಡ್ರಲ್. ಗಾತ್ರಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಆದರೆ ನ್ಯೂಯಾರ್ಕಿನವರಿಗೆ ಗಾತ್ರವೂ ಬೇಕಾಗಿತ್ತು. 1873ರಲ್ಲಿ ಸಂಸ್ಥೆ ನೋಂದಣಿಯಾಯಿತು. ಜಾಗ ಸಿಕ್ಕಿದ್ದು ಒಂದು ಅನಾಥಾಲಯದ ಆವರಣದಲ್ಲಿ. 1843ರಲ್ಲಿ ಮುಗಿದ ಆ ಅನಾಥಾಲಯದ ಗ್ರೀಕ್ ಶೈಲಿಯ ಕಂಬಸಾಲಿನ ಕಟ್ಟಡ ಇವತ್ತಿಗೂ ಚರ್ಚಿನ ದಕ್ಷಿಣ ಮಗ್ಗುಲಲ್ಲಿದೆ. ಹೆಚ್ಚಿನವರು ಅದನ್ನು ಆಫೀಸೋ ಏನೋ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ.

ನಕ್ಷೆಗೆ ಸ್ಪರ್ಧೆ ನಡೆದು, ಹೈನ್ಸ್ ಮತ್ತು ಲಾಫಾರ್ಜ್ ಎಂಬ ಜೋಡಿ ಗೆದ್ದಿತು. ಅವರದ್ದು ದುಂಡು ಕಮಾನು, ಗುಮ್ಮಟ, ಬೈಜಾಂಟೈನ್ ಛಾಯೆಯ ರೋಮನೆಸ್ಕ್. 1892ರ ಡಿಸೆಂಬರ್ 27ರಂದು, ಸಂತ ಜಾನ್‌ನ ಹಬ್ಬದ ದಿನ ಅಡಿಗಲ್ಲು ಬಿತ್ತು. ಆಮೇಲೆ ಶುರುವಾಯಿತು ಪಾಯದ ಪಾಡು. ಗುಡ್ಡದ ಮೇಲಿನ ಜಾಗ, ಗಟ್ಟಿ ಬಂಡೆ ಬೇಗ ಸಿಗುತ್ತದೆ ಅಂದುಕೊಂಡಿದ್ದರು. ಸಿಕ್ಕಿದ್ದು ಮೆತ್ತನೆಯ ಪದರಗಳು. ಸುಮಾರು 70 ಅಡಿ ಅಗೆಯಬೇಕಾಯಿತು, ಕೂಡಿಸಿಟ್ಟ ಹಣವೆಲ್ಲ ಗುಂಡಿಗೇ ಹೋಯಿತು. ಬ್ಯಾಂಕರ್ ಜೆ.ಪಿ. ಮಾರ್ಗನ್ ಕೊಟ್ಟ 5 ಲಕ್ಷ ಡಾಲರಿನಿಂದ ಕೆಲಸ ಮೇಲೆದ್ದಿತು. 1899ರಲ್ಲಿ ಮೊದಲ ಆರಾಧನೆ ನಡೆದದ್ದೂ ನೆಲಮಾಳಿಗೆಯಲ್ಲೇ. 1907ರಲ್ಲಿ ಹೈನ್ಸ್ ತೀರಿಕೊಂಡರು. 1911ರಲ್ಲಿ ಗಾಯಕರ ಆವರಣ ಮತ್ತು ಮಧ್ಯದ ಚೌಕ ಮುಗಿದು ಪ್ರತಿಷ್ಠಾಪನೆಯಾಗುತ್ತಿದ್ದಂತೆ ಟ್ರಸ್ಟಿಗಳು ಲಾಫಾರ್ಜ್‌ರನ್ನು ಬಿಟ್ಟು, ಗೋಥಿಕ್ ಬಿಟ್ಟರೆ ಬೇರೆ ಚರ್ಚೇ ಇಲ್ಲ ಅನ್ನುವಂಥ ರಾಲ್ಫ್ ಆಡಮ್ಸ್ ಕ್ರ್ಯಾಮ್‌ರನ್ನು ಕರೆತಂದರು. ಮೊದಲ ಹೊಲಿಗೆ ಬಿದ್ದದ್ದು ಹೀಗೆ.

ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದರೆ ಎರಡು ಗೋಪುರಗಳೂ ಮೊಟಕು. ಆದರೂ ಬಲಗಡೆಯದು, ಅಂದರೆ ದಕ್ಷಿಣದ್ದು, ಎಡಗಡೆಯದಕ್ಕಿಂತ ಎತ್ತರ. ಅದರ ಕಥೆ ಇತ್ತೀಚಿನದು. 1941ರ ನವೆಂಬರ್ 30ರಂದು ಚರ್ಚಿನ ಪೂರ್ತಿ ಉದ್ದ ಮೊದಲ ಸಲ ತೆರೆದುಕೊಂಡಿತು. ಮುಂದಿನ ಭಾನುವಾರ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ, ಯುದ್ಧ. ಕೆಲಸ ನಿಂತಿತು. ಯುದ್ಧದ ನಂತರ ಬಿಷಪ್ ಹೊರೇಸ್ ಡೊನೆಗನ್, ಸುತ್ತಲಿನ ಹಾರ್ಲೆಂನ ಬಡತನದ ಎದುರು ಗೋಪುರ ಏರಿಸುವುದು ಸಲ್ಲ ಎಂದು ಕಟ್ಟಡದ ಕೆಲಸವನ್ನು ಕೈಬಿಟ್ಟರು. 1979ರಲ್ಲಿ ಕಲ್ಲುಕುಟಿಗರ ಅಂಗಳವೊಂದನ್ನು ಆವರಣದಲ್ಲೇ ತೆರೆದರು. ಇಂಗ್ಲೆಂಡಿನಿಂದ ಜೇಮ್ಸ್ ಬ್ಯಾಂಬ್ರಿಜ್ ಎಂಬ ಮೇಸ್ತ್ರಿ ಬಂದು, ಅಕ್ಕಪಕ್ಕದ ಕೇರಿಯ ಹುಡುಗ ಹುಡುಗಿಯರ ಕೈಗೆ ಉಳಿ ಸುತ್ತಿಗೆ ಕೊಟ್ಟು, ಇಂಡಿಯಾನಾದ ಸುಣ್ಣದಕಲ್ಲು ಕೆತ್ತುವುದನ್ನು ಕಲಿಸಿದರು. 1982ರಲ್ಲಿ ಗೋಪುರದ ಕೆಲಸ ಆರಂಭಿಸುವಾಗ ತಂತಿ ನಡಿಗೆಯ ಕಲಾವಿದ ಫಿಲಿಪ್ ಪೆಟಿ ಆಮ್‌ಸ್ಟರ್‌ಡ್ಯಾಂ ಅವೆನ್ಯೂ ಮೇಲೆ ಕಟ್ಟಿದ ತಂತಿಯ ಮೇಲೆ ನಡೆದು ಕರಣೆ ತಂದುಕೊಟ್ಟರು. ಗೋಪುರ 50 ಅಡಿಯಷ್ಟು ಏರಿತು, ಹಣ ಮುಗಿಯಿತು. ಕಬ್ಬಿಣದ ಸಾರುವೆ ಮಾತ್ರ ತುಕ್ಕು ಹಿಡಿಯುತ್ತಾ 2007ರವರೆಗೂ ಹಾಗೇ ನಿಂತಿತ್ತು. ಆ ಸಾರುವೆಯೂ ವಾಸ್ತುಶಿಲ್ಪದ ಭಾಗವೆಂದೇ ತಿಳಿದು ಬೆಳೆದ ಒಂದು ತಲೆಮಾರು ಈ ಕೇರಿಯಲ್ಲಿದೆ. ಊರವರ ಬಾಯಲ್ಲಿ ಚರ್ಚಿನ ಹೆಸರು 'ಸೇಂಟ್ ಜಾನ್ ದಿ ಅನ್‌ಫಿನಿಶ್ಡ್'.

ಆ ಕಾಲದ ಕೆಲಸವನ್ನು ಹತ್ತಿರದಿಂದ ನೋಡಬೇಕೆಂದರೆ ನಡುವಣ ದ್ವಾರದ ಬಳಿ ಹೋಗಬೇಕು. ಕಂಚಿನ ಬಾಗಿಲುಗಳ ಎರಡೂ ಕಡೆ ನಿಂತಿರುವ ಬೈಬಲ್ಲಿನ ಹಿರಿಯರನ್ನು ಶಿಲ್ಪಿ ಸೈಮನ್ ವೆರಿಟಿ ಮತ್ತು ಅವರ ತಂಡ 1988ರಿಂದ 1997ರವರೆಗೆ ಕೆತ್ತಿತು. ಆಕೃತಿಗಳ ಮುಖ ನೋಡಿ ಸಾಕುಮಾಡಬೇಡಿ. ಅವರ ಕಾಲ ಕೆಳಗಿನ ಪಟ್ಟಿಗೆ ಕಣ್ಣು ಇಳಿಸಿ. ಅಂಗೈ ಅಗಲದ ಕಲ್ಲಿನಲ್ಲಿ ನ್ಯೂಯಾರ್ಕ್ ನಗರ ಕುಸಿಯುತ್ತಿದೆ. ಓರೆಯಾದ ಗಗನಚುಂಬಿಗಳು, ಅವುಗಳ ನಡುವೆ ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರ, ಮೇಲೆ ಅಣಬೆಯಾಕಾರದ ಮೋಡ. ಸರ್ವನಾಶದ ಬೈಬಲ್ ಚಿತ್ರವನ್ನು ತಮ್ಮ ಊರಿಗೇ ಅನ್ವಯಿಸಿ ಕೆತ್ತಿದ್ದು ಅದು, ಆ ಗೋಪುರಗಳು ಉರುಳಿದ 2001ಕ್ಕೆ ಎಷ್ಟೋ ಮೊದಲು. ಬೆಳಿಗ್ಗೆ ಈ ಮುಖ ನೆರಳಲ್ಲಿರುತ್ತದೆ, ಕೆತ್ತನೆಯ ಆಳ ತಿಳಿಯುವುದಿಲ್ಲ. ಮಧ್ಯಾಹ್ನ ಮೂರರ ನಂತರ ಬಂದರೆ ಓರೆ ಬಿಸಿಲು ಒಂದೊಂದು ಉಳಿಯೇಟನ್ನೂ ಎತ್ತಿ ತೋರಿಸುತ್ತದೆ.

ಉತ್ತರದ ಕಡೆ ಚರ್ಚಿಗೆ ಅಂಟಿಕೊಂಡಂತೆ ಎದ್ದಿರುವ ಅಪಾರ್ಟ್‌ಮೆಂಟುಗಳು ಕಣ್ಣಿಗೆ ಹಿತವಲ್ಲ. ಕಟ್ಟಡದ ಖರ್ಚಿಗೆಂದು ಜಾಗವನ್ನು ದೀರ್ಘಾವಧಿ ಲೀಸಿಗೆ ಕೊಟ್ಟದ್ದರ ಫಲ ಅದು. ಬೈಯುವ ಮೊದಲು ಇಷ್ಟು ದೊಡ್ಡ ಮಾಡಿನ ಸೋರಿಕೆ ನಿಲ್ಲಿಸಲು ಎಷ್ಟು ಬೇಕಾದೀತೆಂದು ಲೆಕ್ಕ ಹಾಕಿದರೆ ಒಳ್ಳೆಯದು. ಆವರಣದಲ್ಲಿ ಅಡ್ಡಾಡುತ್ತಿದ್ದ ಮೂರು ನವಿಲುಗಳು 2023ರಲ್ಲಿ ನಿವೃತ್ತಿಯಾಗಿ ಬೇರೆಡೆಗೆ ಹೋದವು. ಹಳೆಯ ಗೈಡ್ ಪುಸ್ತಕ ಓದಿ ಹುಡುಕಬೇಡಿ.

ಶನಿವಾರ: ಒಳಗೆ

ಪ್ರವಾಸಿಗರಿಗೆ ಟಿಕೆಟ್ ಉಂಟು, ಆರಾಧನೆಗೆ ಬರುವವರಿಗೆ ಇಲ್ಲ. ಒಂದು ಬೈನಾಕ್ಯುಲರ್ ಮತ್ತು ಚಳಿಗಾಲವಾದರೆ ದಪ್ಪ ಸ್ವೆಟರ್ ಜೊತೆಗಿರಲಿ. ಇಷ್ಟು ದೊಡ್ಡ ಜಾಗ ಬೆಚ್ಚಗಾಗುವುದಿಲ್ಲ. ಮೇಲಕ್ಕೆ ಕರೆದೊಯ್ಯುವ 'ವರ್ಟಿಕಲ್ ಟೂರ್' ಇದ್ದರೆ ಮುಂಚಿತವಾಗಿ ಬುಕ್ ಮಾಡಬೇಕು. ಇಕ್ಕಟ್ಟಾದ ಸುರುಳಿ ಮೆಟ್ಟಿಲು, ಏರುವುದು 120 ಅಡಿಗೂ ಮೇಲೆ, ಲಿಫ್ಟ್ ಇಲ್ಲ. ಮಂಡಿ ನೋವಿನವರು ಕೆಳಗಿದ್ದುಕೊಂಡೇ ನೋಡುವುದು ಸಾಕಷ್ಟಿದೆ.

ಒಳಗಿನ ಉದ್ದ 601 ಅಡಿ, ಕ್ರ್ಯಾಮ್ ಕಟ್ಟಿದ ನಡುಸಾಲೆಯ ಚಾವಣಿಯ ಎತ್ತರ 124 ಅಡಿ. ಜಗತ್ತಿನ ಅತಿ ದೊಡ್ಡ ಕ್ಯಾಥೆಡ್ರಲ್ ಎಂದು ಗೈಡ್‌ಗಳು ಹೇಳುತ್ತಾರೆ. ಲಿವರ್‌ಪೂಲಿನವರೂ ತಮ್ಮದರ ಬಗ್ಗೆ ಹಾಗೇ ಹೇಳುತ್ತಾರೆ. ಉದ್ದ ಹಿಡಿಯುತ್ತೀರೋ, ನೆಲದ ವಿಸ್ತೀರ್ಣವೋ, ಗಾತ್ರವೋ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಈ ಜಗಳಕ್ಕೆ ತಲೆ ಕೆಡಿಸಿಕೊಳ್ಳದಿರುವುದೇ ವಾಸಿ.

ನಡುಸಾಲೆಯ ಎರಡೂ ಬದಿಯ ಅಂಕಣಗಳು ದುಡಿಮೆಗೆ, ವೃತ್ತಿಗೆ ಮೀಸಲು: ಕಾನೂನು, ವೈದ್ಯ, ಶಿಕ್ಷಣ, ಕಲೆ, ಕ್ರೀಡೆ, ಪತ್ರಿಕೆ. ಸಂತರಿಗೇ ಮೀಸಲಾಗಿರಬೇಕಾದ ಬಣ್ಣದ ಗಾಜಿನ ಕಿಟಕಿಯಲ್ಲಿ ಬೇಸ್‌ಬಾಲ್, ಬೌಲಿಂಗ್ ಆಡುವವರು ಕಾಣುತ್ತಾರೆ. ಬೈನಾಕ್ಯುಲರ್ ಬೇಕೆಂದದ್ದು ಇದಕ್ಕೇ. ವೈದ್ಯರ ಅಂಕಣದಲ್ಲಿ ಏಡ್ಸ್‌ನಿಂದ ಸತ್ತವರ ಸ್ಮಾರಕವಿದೆ, ಕಾಯಿಲೆಯ ಹೆಸರೆತ್ತಲೂ ಜನ ಹೆದರುತ್ತಿದ್ದ 1980ರ ದಶಕದಲ್ಲೇ ಮಾಡಿದ್ದು. ಪಶ್ಚಿಮದ ಗೋಡೆಯ ದುಂಡು ಕಿಟಕಿ ಬೋಸ್ಟನ್‌ನ ಚಾರ್ಲ್ಸ್ ಕಾನಿಕ್ ಅವರದು: ಅಡ್ಡಳತೆ 40 ಅಡಿ, 10 ಸಾವಿರಕ್ಕೂ ಹೆಚ್ಚು ಗಾಜಿನ ತುಣುಕು. ನಡುವೆ ಬೆರಳುದ್ದ ಕಾಣುವ ಕ್ರಿಸ್ತ ನಿಜಕ್ಕೆ ಆಳೆತ್ತರದವನು. ಇದಕ್ಕೂ ಮಧ್ಯಾಹ್ನದ ಬಿಸಿಲೇ ಬೇಕು.

ನಡುಸಾಲೆಯ ನುಣುಪು ಸುಣ್ಣದಕಲ್ಲಿನ ಗುಂಟ ಪೂರ್ವಕ್ಕೆ ನಡೆಯುತ್ತಾ ಬಂದರೆ ಒಂದು ಕಡೆ ಅದು ಥಟ್ಟನೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಒರಟು ಗ್ರಾನೈಟಿನ ದೈತ್ಯ ದುಂಡು ಕಮಾನುಗಳು, ಗಿಲಾವಿಲ್ಲ, ಅಲಂಕಾರವಿಲ್ಲ. ಮುಂದೊಂದು ದಿನ ಹೊದಿಕೆ ಬಂದೀತೆಂದು ಬಿಟ್ಟ ಕಲ್ಲು ಹಾಗೆಯೇ ಉಳಿದಿದೆ. ಈ ಹೊಲಿಗೆಯನ್ನು ಮುಚ್ಚಲು ಯಾರೂ ಪ್ರಯತ್ನಿಸಿಲ್ಲ. ಚರ್ಚಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಜಾಗ ಇದೇ. ಇಲ್ಲಿ ನಿಂತು ತಲೆ ಎತ್ತಬೇಕು.

ಮೇಲಿರುವುದು ಗ್ವಾಸ್ಟಾವಿನೋ ಗುಮ್ಮಟ. ನೆಲದಿಂದ ತುದಿಗೆ ಸುಮಾರು 162 ಅಡಿ, ಅಡ್ಡಳತೆ ಸುಮಾರು 135 ಅಡಿ, ತುದಿಯಲ್ಲಿ ದಪ್ಪ ಬರೀ ನಾಲ್ಕು ಅಂಗುಲ. ಇದನ್ನು ಹಾಕಿದ್ದು ತಾತ್ಕಾಲಿಕವಾಗಿ, 1909ರ ಬೇಸಿಗೆಯಲ್ಲಿ. ಮುಂದೆ ದೊಡ್ಡ ಗೋಪುರ ಕಟ್ಟುವವರೆಗೆ ಮಳೆ ತಡೆದರೆ ಸಾಕೆಂದು. ನೂರು ವರ್ಷ ದಾಟಿದರೂ ಅದೇ ಮಾಡು. ಮರದ ಸೆಂಟ್ರಿಂಗ್ ಹೊಡೆದು ಕಲ್ಲಿನ ಕಮಾನು ಕಟ್ಟಿದ್ದರೆ ಸೆಂಟ್ರಿಂಗಿನ ಖರ್ಚೇ ಮೈಮೇಲೆ ಬರುತ್ತಿತ್ತು. ಸ್ಪೇನಿನ ಕ್ಯಾಟಲೋನಿಯಾದಿಂದ ಬಂದ ಗ್ವಾಸ್ಟಾವಿನೋ ಮನೆತನದ ಕಸುಬು ಸೆಂಟ್ರಿಂಗ್ ಕೇಳುವುದೇ ಇಲ್ಲ.

ಕೆಲಸ ಸಾಗುವುದು ಹೀಗೆ. ಸುಮಾರು ಒಂದು ಅಂಗುಲ ದಪ್ಪದ ಚಪ್ಪಟೆ ಸುಟ್ಟಮಣ್ಣಿನ ಬಿಲ್ಲೆ. ಅದರ ಎರಡು ಅಂಚಿಗೆ ಬೇಗ ಬಿಗಿಯುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಸವರಿ, ಆಗಲೇ ಕೂತಿರುವ ಬಿಲ್ಲೆಗಳ ಮೂಲೆಗೆ ಒತ್ತಿ ಹಿಡಿಯುತ್ತಾರೆ. ಕೈ ಬಿಟ್ಟರೆ ಬೀಳದಷ್ಟು ಬಿಗಿಯಲು ಹೆಚ್ಚು ಹೊತ್ತು ಬೇಡ. ಒಂದು ಸುತ್ತು ಪೂರ್ತಿಯಾದರೆ ಅದು ತನ್ನನ್ನು ತಾನೇ ಹೊತ್ತುಕೊಳ್ಳುತ್ತದೆ. ಅದರ ಮೇಲೆ ಎರಡನೆಯ, ಮೂರನೆಯ ಪದರ. ಇವಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಗಾರೆ. ಕೆಳಗಿನ ಸಂದಿಯ ಮೇಲೆ ಮೇಲಿನ ಸಂದಿ ಬರಕೂಡದು, ಬಂದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮರುದಿನ ಮೇಸ್ತ್ರಿಗಳು ಹಿಂದಿನ ದಿನದ ಕೆಲಸದ ಮೇಲೇ ನಿಂತು ಮುಂದಿನ ಸುತ್ತು ಹಾಕುತ್ತಾರೆ. ಬಾಗು ತಪ್ಪದಂತೆ ನೋಡಿಕೊಳ್ಳಲು ಕೇಂದ್ರದಿಂದ ಎಳೆದ ತಂತಿಯ ಅಳತೆ. ಪ್ಲಾಸ್ಟರು ನೀರಿಗೆ ಆಗದು, ಅದಕ್ಕೇ ಅದು ಒಳಗಿನ ಪದರಕ್ಕೆ ಮಾತ್ರ. ಗುಮ್ಮಟ ಬುಡದಲ್ಲಿ ಹೊರಕ್ಕೆ ಒದೆಯುವ ಬಲವನ್ನು ತಡೆಯಲು ಬಿಲ್ಲೆಗಳ ನಡುವೆ ಉಕ್ಕಿನ ಸರಳು ಸೇರಿಸಿದ್ದಾರೆ. ಇಷ್ಟು ದೊಡ್ಡ ಗುಮ್ಮಟ ಏಳಲು ಹಿಡಿದದ್ದು ಸುಮಾರು 15 ವಾರ. ನಮ್ಮ ಕಾಲದಲ್ಲಿ ಇದರ ಅನುಮತಿ ಪತ್ರಕ್ಕೇ ಅಷ್ಟು ಹೊತ್ತು ಬೇಕು.

ಗಾಯಕರ ಆವರಣ ದಾಟಿ ಹಿಂದಕ್ಕೆ ಹೋದರೆ ಅರ್ಧವೃತ್ತದಲ್ಲಿ ನಿಂತ ಎಂಟು ಗ್ರಾನೈಟ್ ಕಂಬಗಳು. ಒಂದೊಂದೂ ಸುಮಾರು 55 ಅಡಿ ಎತ್ತರ, ಆರು ಅಡಿ ದಪ್ಪ, 130 ಟನ್ ತೂಕ. ಮೇನ್ ರಾಜ್ಯದ ವೈನಲ್‌ಹೇವನ್ ದ್ವೀಪದ ಗಣಿಯಲ್ಲಿ ಇವಕ್ಕೆಂದೇ ಮಾಡಿಸಿದ ದೈತ್ಯ ಲೇತಿನಲ್ಲಿ ಕಡೆದದ್ದು. ಬೇಲೂರಿನ ಕಡೆದ ಕಂಬ ನೋಡಿದ ಕಣ್ಣಿಗೆ ಇದೇನು ಮಹಾ ಅನ್ನಿಸಬಹುದು. ಅದು ಬಳಪದ ಕಲ್ಲು, ಮೆದು. ಇದು ಗ್ರಾನೈಟ್. ಇಡೀ ಕಂಬವನ್ನು ಒಂದೇ ಕಲ್ಲಿನಲ್ಲಿ ಕಡೆಯಲು ಹೋದಾಗ ಲೇತಿನ ಮೇಲೇ ಮುರಿಯಿತು: ಎರಡು ತುದಿಯಲ್ಲಿ ಮಾತ್ರ ಹಿಡಿತ, ತಿರುಚುವ ಬಲ ಒಂದು ಕಡೆ, ಉದ್ದಕ್ಕೂ ತನ್ನದೇ ಭಾರದ ಜೋಲು ಇನ್ನೊಂದು ಕಡೆ. ಮತ್ತೆ ಯತ್ನಿಸಿದಾಗಲೂ ಅದೇ ಪಾಡು. ಕೊನೆಗೆ ಕೆಳಗೆ 38 ಅಡಿಯ ಒಂದು ತುಂಡು, ಮೇಲೊಂದು ಗಿಡ್ಡ ತುಂಡು ಎಂದು ಒಪ್ಪಿಕೊಂಡರು. ಸಮುದ್ರದ ಮೇಲೆ ದೋಣಿಯಲ್ಲಿ ತಂದು, ದಡದಿಂದ ಗುಡ್ಡದವರೆಗೆ ಬಂಡಿಯನ್ನು ಹಗ್ಗ ಹಾಕಿ ಎಳೆದು, 1904ರ ಹೊತ್ತಿಗೆ ನಿಲ್ಲಿಸಿದರು. ಕಂಬದ ಮೇಲ್ಭಾಗದಲ್ಲಿ, ಮೂರನೇ ಎರಡರಷ್ಟು ಎತ್ತರಕ್ಕೆ ಕಣ್ಣು ಹಾಯಿಸಿದರೆ ಕೂದಲೆಳೆಯಂಥ ಅಡ್ಡಗೆರೆ ಕಾಣುತ್ತದೆ. ಇನ್ನೊಂದು ಹೊಲಿಗೆ.

ಕಂಬಗಳ ಹಿಂದೆ ಏಳು ಚಾಪೆಲ್. ನಗರಕ್ಕೆ ವಲಸೆ ಬಂದವರ ಒಂದೊಂದು ಗುಂಪಿಗೆ ಒಂದೊಂದು: ಸೇಂಟ್ ಜೇಮ್ಸ್ ಸ್ಪೇನಿನವರಿಗೆ, ಆಂಬ್ರೋಸ್ ಇಟಲಿಯವರಿಗೆ, ಮಾರ್ಟಿನ್ ಫ್ರೆಂಚರಿಗೆ, ಸೇವಿಯರ್ ಪೂರ್ವದ ಕ್ರೈಸ್ತರಿಗೆ, ಕೊಲಂಬಾ ಬ್ರಿಟಿಷ್ ದ್ವೀಪದವರಿಗೆ, ಬೋನಿಫೇಸ್ ಜರ್ಮನರಿಗೆ, ಆನ್ಸ್‌ಗರ್ ಸ್ಕ್ಯಾಂಡಿನೇವಿಯಾದವರಿಗೆ. ಕೊಲಂಬಾದಲ್ಲಿ ಕಲಾವಿದ ಕೀತ್ ಹೇರಿಂಗ್ ಮಾಡಿದ ಮೂರು ಹಲಗೆಯ ಕಂಚಿನ ಬಲಿಪೀಠ ಚಿತ್ರವಿದೆ, ಮೇಲೆ ಬಿಳಿಚಿನ್ನದ ಲೇಪ. ಸಬ್‌ವೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಅದೇ ಗೆರೆ, ಅದೇ ಕುಣಿಯುವ ಮನುಷ್ಯರು. 1990ರ ಫೆಬ್ರವರಿಯಲ್ಲಿ ಏಡ್ಸ್‌ನಿಂದ ತೀರಿಕೊಳ್ಳುವ ಕೆಲವೇ ವಾರ ಮೊದಲು ಮುಗಿಸಿದ್ದು. ನಡುಸಾಲೆಯ ಸ್ಮಾರಕ ನೋಡಿಬಂದವರಿಗೆ ಇಲ್ಲಿ ಕಾಲು ಸ್ವಲ್ಪ ಹೊತ್ತು ಕೀಳುವುದಿಲ್ಲ.

ಭಾನುವಾರ: ಕಿವಿಗೆ

ಮೊದಲೆರಡು ದಿನ ಕಣ್ಣಿಗೆ ಕಂಡ ಗಾತ್ರ ಇವತ್ತು ಕಿವಿಗೆ ಬೀಳುತ್ತದೆ. ಒಂದು ದನಿ ಪೂರ್ತಿ ಅಡಗಲು ಇಲ್ಲಿ ಸುಮಾರು ಎಂಟು ಸೆಕೆಂಡು. ಆರ್ಗನ್ ಅಂದರೆ ಕೀಲಿ ಒತ್ತಿ, ಕೊಳವೆಗಳಿಗೆ ಗಾಳಿ ಊದಿಸಿ ನುಡಿಸುವ ವಾದ್ಯ. ಅದರ ಕೊಳವೆಗಳು ಗಾಯಕರ ಆವರಣದ ಎರಡೂ ಮಗ್ಗುಲಿಗೆ, ಎತ್ತರದಲ್ಲಿವೆ. ಅರ್ನೆಸ್ಟ್ ಸ್ಕಿನ್ನರ್ 1910ರಲ್ಲಿ ಕಟ್ಟಿದ್ದು, 1954ರಲ್ಲಿ ಇಯೋಲಿಯನ್-ಸ್ಕಿನ್ನರ್ ಕಂಪನಿಯ ಡೊನಾಲ್ಡ್ ಹ್ಯಾರಿಸನ್ ಹಿಗ್ಗಿಸಿದ್ದು; ಈಗ 8 ಸಾವಿರಕ್ಕೂ ಹೆಚ್ಚು ಕೊಳವೆ. ಅದರಲ್ಲೊಂದು ಸಾಲು ಮಾತ್ರ ಉಳಿದವುಗಳಿಂದ ದೂರ, ಬೇರೆಯೇ ಜಾಗದಲ್ಲಿದೆ: 'ಸ್ಟೇಟ್ ಟ್ರಂಪೆಟ್', ಪಶ್ಚಿಮದ ದುಂಡು ಕಿಟಕಿಯ ಕೆಳಗೆ, ಗೋಡೆಯಿಂದ ಅಡ್ಡಡ್ಡ ಚಾಚಿಕೊಂಡು. ಮಾಮೂಲಿ ಆರ್ಗನ್ ಕೊಳವೆಗೆ ಮೂರು ನಾಲ್ಕು ಅಂಗುಲ ನೀರನ್ನು ಎತ್ತುವಷ್ಟು ಗಾಳಿಯ ಒತ್ತಡ ಸಾಕು. ಇದಕ್ಕೆ 50 ಅಂಗುಲ.

ನುಡಿಸುವವರ ಪಾಡು ನೋಡಿ. ಅವರ ಬೆರಳಿಗೂ ಆ ಟ್ರಂಪೆಟಿಗೂ ನಡುವೆ ಸುಮಾರು 500 ಅಡಿ. ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಸಾಗುತ್ತದೆ. ಅಂದರೆ ಕೀಲಿ ಒತ್ತಿ ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ ಹೊತ್ತಿನ ಮೇಲೆ ತಾವು ನುಡಿಸಿದ್ದು ತಮಗೇ ಕೇಳುತ್ತದೆ. ಕಿವಿ ನಂಬಿ ನುಡಿಸಿದರೆ ಲಯ ಎಳೆಯುತ್ತಾ ಹೋಗುತ್ತದೆ. ಬೆರಳನ್ನು ನಂಬಿ, ಕಿವಿಯನ್ನು ಮರೆತು ನುಡಿಸಬೇಕು. ಇದೇ ತೊಂದರೆ ಸಭೆಯ ಹಾಡಿಗೂ. ಹಿಂದಿನ ಸಾಲಿನವರಿಗೆ ಆರ್ಗನ್ ತಡವಾಗಿ ಮುಟ್ಟುತ್ತದೆ, ಅವರು ಅದಕ್ಕೆ ಸರಿಯಾಗಿ ಹಾಡುತ್ತಾರೆ, ಆ ದನಿ ಮುಂದಿನವರಿಗೆ ಇನ್ನೂ ತಡವಾಗಿ ಬರುತ್ತದೆ. ಮೂರನೇ ಚರಣದ ಹೊತ್ತಿಗೆ ಚರ್ಚಿನ ಎರಡು ತುದಿ ಎರಡು ಹಾಡು ಹಾಡುತ್ತಿರುತ್ತವೆ. ಅದಕ್ಕೇ ಕೂರಲು ಮುಂಭಾಗ ಒಳ್ಳೆಯದು. ಟ್ರಂಪೆಟ್ ಕೇಳಲು ನಡುಸಾಲೆಯ ಮಧ್ಯ ಸರಿ. ಅದರ ಬುಡದಲ್ಲಿ ಕೂರುವುದು ಬೇಡ.

ಎಂಟು ಸೆಕೆಂಡಿನ ಅನುರಣನೆಯಲ್ಲಿ ಚುರುಕು ಸಂಗೀತ ಕಲಸುಮೇಲೋಗರವಾಗುತ್ತದೆ. ನಿಧಾನದ, ಉದ್ದ ಸ್ವರದ ಪಠಣ, ಹದಿನಾರನೇ ಶತಮಾನದ ಬಹುದನಿಯ ಗಾಯನ ಇಲ್ಲಿ ಅರಳುತ್ತವೆ: ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿರುವಾಗ ಮುಂದಿನದು ಅದರ ಮೇಲೆ ಬಂದು ಕೂರುತ್ತದೆ. ಆದರೂ ಇಲ್ಲಿನ ಸಂಗೀತ ಅಷ್ಟಕ್ಕೇ ನಿಂತಿಲ್ಲ. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ತಮ್ಮ ಎರಡನೆಯ 'ಸೇಕ್ರೆಡ್ ಕನ್ಸರ್ಟ್' ಅನ್ನು 1968ರ ಜನವರಿ 19ರಂದು ಮೊದಲು ನುಡಿಸಿದ್ದು ಇಲ್ಲಿ. 1974ರ ಮೇ ತಿಂಗಳಲ್ಲಿ ಅವರ ಅಂತ್ಯಸಂಸ್ಕಾರಕ್ಕೆ 12 ಸಾವಿರ ಜನ ಸೇರಿದ್ದೂ ಇಲ್ಲೇ. ಸ್ಯಾಕ್ಸೊಫೋನ್ ವಾದಕ ಪಾಲ್ ವಿಂಟರ್ 1981ರಲ್ಲಿ ತೋಳ, ತಿಮಿಂಗಿಲಗಳ ಕೂಗನ್ನು ಪ್ರಾರ್ಥನಾ ಸಂಗೀತದೊಳಗೆ ತಂದ 'ಮಿಸ್ಸಾ ಗಾಯಾ' ಅಕ್ಟೋಬರಿನ ಮೊದಲ ಭಾನುವಾರ ಆಚರಿಸುವ ಸಂತ ಫ್ರಾನ್ಸಿಸ್ ಹಬ್ಬದ ಜೊತೆ ನಂಟು ಹೊಂದಿದೆ. ಅವತ್ತು ಜನ ನಾಯಿ, ಬೆಕ್ಕು, ಗಿಳಿ ಹೊತ್ತು ಆಶೀರ್ವಾದಕ್ಕೆ ಬರುತ್ತಾರೆ. ಆ ದಿನ ವಾಸ್ತುಶಿಲ್ಪ ನೋಡುವ ಆಸೆ ಬಿಟ್ಟುಬಿಡಿ. ವರ್ಷದ ಕೊನೆಯ ರಾತ್ರಿಯ ಶಾಂತಿ ಕಛೇರಿಯನ್ನು 1984ರಲ್ಲಿ ಶುರುಮಾಡಿದವರು ಸಂಗೀತ ಸಂಯೋಜಕ ಲೆನರ್ಡ್ ಬರ್ನ್‌ಸ್ಟೈನ್.

ಆರ್ಗನ್ನಿಗೆ ಇಲ್ಲಿ ಶತ್ರು ಹೊಗೆ. 2001ರ ಡಿಸೆಂಬರ್ 18ರಂದು ಉತ್ತರದ ಅರೆಬರೆ ರೆಕ್ಕೆಯಲ್ಲಿ ಬೆಂಕಿ ಬಿತ್ತು. ಇಟಲಿಯ ಹದಿನೇಳನೇ ಶತಮಾನದ ಬಾರ್ಬೆರೀನಿ ನೇಯ್ಗೆ ಚಿತ್ರಗಳಲ್ಲಿ ಎರಡು ಸುಟ್ಟು ಹಾಳಾದವು. ಆರ್ಗನ್ ಸುಡಲಿಲ್ಲ, ಆದರೆ ಮಸಿ ಒಳಹೊಕ್ಕಿತು. ಪ್ರತಿ ಕೊಳವೆಯ ಬುಡದಲ್ಲೂ ಗಾಳಿಗೆ ಉಬ್ಬಿ ಕುಗ್ಗುವ ಒಂದು ಪುಟ್ಟ ತೊಗಲಿನ ಚೀಲವಿರುತ್ತದೆ; ಜಿಡ್ಡು ಮಸಿ ಅದಕ್ಕೆ ಹತ್ತಿದರೆ ತೊಗಲು ಗಡುಸಾಗಿ ಸ್ವರ ಏಳುವುದಿಲ್ಲ, ಎದ್ದರೆ ನಿಲ್ಲುವುದಿಲ್ಲ. ಮೇಲಿಂದ ಒರೆಸಿದರೆ ಆಗುವ ಕೆಲಸವಲ್ಲ. ಬಿಚ್ಚಿ ಮಿಸೌರಿಗೆ ಸಾಗಿಸಿ, ತೊಗಲು ಬದಲಿಸಿ ಮರಳಿ ಜೋಡಿಸುವ ಹೊತ್ತಿಗೆ 2008ರ ನವೆಂಬರ್ 30. 2019ರ ಏಪ್ರಿಲ್ 14ರಂದು ನೆಲಮಾಳಿಗೆಯಲ್ಲಿ ಬೆಂಕಿ ಬಿದ್ದು ಮತ್ತೆ ಹೊಗೆ. ಮರುದಿನವೇ ಪ್ಯಾರಿಸ್ಸಿನ ನೋತ್ರದಾಮ್ ಹತ್ತಿ ಉರಿದದ್ದರಿಂದ ಇದು ಸುದ್ದಿಯೇ ಆಗಲಿಲ್ಲ.

ಸಂಜೆಗೆ ಸಮಯ ಉಳಿದರೆ ಐದನೇ ಅವೆನ್ಯೂ ಮತ್ತು 53ನೇ ಬೀದಿಯ ಮೂಲೆಯ ಸೇಂಟ್ ಥಾಮಸ್ ಚರ್ಚಿಗೆ ಹೋಗಿ. ಅದೂ ಎಪಿಸ್ಕೋಪಲ್, ಕ್ಯಾಥೆಡ್ರಲ್ ಅಲ್ಲ. ಕಟ್ಟಿದ್ದು ಕ್ರ್ಯಾಮ್‌ರ ಕಚೇರಿ, 1913ರಲ್ಲಿ. ಬಾಲಕರೂ ಗಂಡಸರೂ ಹಾಡುವ ಸಂಜೆ ಪ್ರಾರ್ಥನೆಗೆ ಹೆಸರಾದದ್ದು; ಶಾಲೆಯ ರಜೆಯಲ್ಲಿ ಬಾಲಕರು ಇರುವುದಿಲ್ಲ, ವೇಳಾಪಟ್ಟಿ ನೋಡಿ ಹೊರಡಿ. ಅಲ್ಲಿನ ಚಾವಣಿಯಲ್ಲಿ ಇರುವುದೂ ಗ್ವಾಸ್ಟಾವಿನೋ ಬಿಲ್ಲೆಯೇ, ಆದರೆ ಉದ್ದೇಶ ತದ್ವಿರುದ್ಧ. ಹಾರ್ವರ್ಡ್‌ನ ಭೌತವಿಜ್ಞಾನಿ ವಾಲೆಸ್ ಸಬೈನ್ ಜೊತೆ ಸೇರಿ ಮಾಡಿದ, ರಂಧ್ರಗಳಿರುವ ಈ ಬಿಲ್ಲೆ ಶಬ್ದ ಹೀರುತ್ತದೆ: ಉಪದೇಶ ಸ್ಪಷ್ಟ ಕೇಳಲೆಂದು. ಉಪದೇಶ ಕೇಳಿತು, ಸಂಗೀತ ಒಣಗಿತು. 1970ರ ದಶಕದಲ್ಲಿ ಸಾರುವೆ ಹಾಕಿ ಹತ್ತಿ, ಆ ರಂಧ್ರಗಳಿಗೆ ಲೇಪ ಬಳಿದು ಮುಚ್ಚಿದರು. ಈಗ ಕೊನೆಯ ಸ್ವರ ಒಂದಿಷ್ಟು ಹೊತ್ತು ನಿಲ್ಲುತ್ತದೆ. ಎಂಟು ಸೆಕೆಂಡು ಅಲ್ಲ. ಬೆಳಿಗ್ಗೆ ಕೇಳಿಬಂದ ಕಿವಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.